ಆಗ್ನೆಸ್ ಮಾರ್ಟಿನ್: ಹೇರಿದ ಮೌನ, ಆರಿಸಿಕೊಂಡ ಮೌನ



*ಇಂದಿನ ಧಮ್ಮ ಚಿಂತನೆ*

ಧಮ್ಮ ಬಂಧುಗಳೇ,

ಮೌನ ಎಂಬ ಮಾತು ಕೇಳಿದರೆ ನಮ್ಮಲ್ಲಿ ಅನೇಕರಿಗೆ ಒಳಗೊಳಗೇ ಒಂದು ಅಳುಕು. ಅದಕ್ಕೆ ಕಾರಣವಿದೆ. ನಮ್ಮ ಅಜ್ಜ ಅಜ್ಜಿಯರ ಮೇಲೆ ಮೌನವನ್ನು ಹೇರಲಾಗಿತ್ತು. ಊರ ಯಜಮಾನರ ಮುಂದೆ ಸುಮ್ಮನಿರಬೇಕು, ಕೂಲಿ ಕಡಿಮೆ ಕೊಟ್ಟರೂ ಸುಮ್ಮನಿರಬೇಕು, ಬಾವಿಯಿಂದ ದೂರ ನಿಲ್ಲಿಸಿದರೂ ಸುಮ್ಮನಿರಬೇಕು. ಬಾಬಾಸಾಹೇಬರು ಬಂದು ಆ ಮೌನ ಮುರಿದರು. ಹಾಗಾಗಿ ನಮಗೆ ಕಲೆ ಎಂದರೆ ತಮಟೆ, ಹೋರಾಟದ ಹಾಡು, ಬೀದಿ ನಾಟಕ, ಗೋಡೆಯ ಮೇಲೆ ಬರೆದ ಘೋಷಣೆ. ಅದು ಸರಿಯಾದದ್ದೇ.

ಆದರೆ ವಂದನೆ ಮುಗಿದ ಮೇಲೆ ನಾವು ಕಣ್ಣು ಮುಚ್ಚಿ ಕೂರುತ್ತೇವಲ್ಲ, ಆ ಮೌನ ಯಾವುದು? ಹೊಸದಾಗಿ ಬರುವ ಯುವಕರು ಇದನ್ನು ಕೇಳುತ್ತಾರೆ. ಹೊರಗೆ ಇಷ್ಟು ಅನ್ಯಾಯ ನಡೆಯುವಾಗ ಉಸಿರು ನೋಡುತ್ತಾ ಕೂತರೆ ಏನು ಬಂತು ಎನ್ನುತ್ತಾರೆ. ಪ್ರಶ್ನೆ ನ್ಯಾಯವಾದದ್ದು. ಅದಕ್ಕೆ ಉತ್ತರ ಹುಡುಕಲು ನಾನು ಇಂದು ದೂರದ ದೇಶದ ಒಬ್ಬ ಚಿತ್ರ ಕಲಾವಿದೆಯ ಬದುಕನ್ನು ನಿಮ್ಮ ಮುಂದಿಡುತ್ತೇನೆ.

ಅವರ ಹೆಸರು ಆಗ್ನೆಸ್ ಮಾರ್ಟಿನ್. ಅಮೆರಿಕದ ಅಮೂರ್ತ ಚಿತ್ರಕಲೆಯಲ್ಲಿ ದೊಡ್ಡ ಹೆಸರು. ಆರು ಅಡಿ ಉದ್ದ, ಆರು ಅಡಿ ಅಗಲದ ಕ್ಯಾನ್ವಾಸ್. ಅದರ ಮೇಲೆ ತೆಳುವಾದ ಬಣ್ಣ, ಪೆನ್ಸಿಲಿನಲ್ಲಿ ಎಳೆದ ಸಾಲು ಸಾಲು ಗೆರೆಗಳು. ಅಷ್ಟೇ. ಅದರಲ್ಲಿ ಮನುಷ್ಯರಿಲ್ಲ, ಮನೆಯಿಲ್ಲ, ದೇವರಿಲ್ಲ. ದೂರದಿಂದ ನೋಡಿದರೆ ಮಂಜು ಕವಿದ ಬಯಲು. ಹತ್ತಿರ ಹೋದರೆ ನಮ್ಮ ಮಕ್ಕಳ ಚೌಕುಳಿ ಲೆಕ್ಕದ ಪುಸ್ತಕ. ಇಷ್ಟು ಮಾಡುವುದಕ್ಕೆ ಒಂದು ಜೀವಮಾನ ಬೇಕೇ ಎಂದು ಯಾರಿಗಾದರೂ ಅನಿಸಬಹುದು. ಬೇಕಾಯಿತು. ಹೇಗೆ ಎಂಬುದನ್ನೇ ಹೇಳಹೊರಟಿದ್ದೇನೆ.

*ತಡವಾಗಿ ಮೊಳೆತ ಬೀಜ*

ಆಗ್ನೆಸ್ ಹುಟ್ಟಿದ್ದು 1912ರ ಮಾರ್ಚ್ 22ರಂದು, ಕೆನಡಾದ ಸಸ್ಕಾಚೆವಾನ್ ಪ್ರಾಂತ್ಯದ ಮ್ಯಾಕ್ಲಿನ್ ಎಂಬ ಊರಿನಲ್ಲಿ. ಸುತ್ತ ಗೋಧಿ ಬೆಳೆಯುವ ಬಟ್ಟಂಬಯಲು. ಮಗುವಿಗೆ ಎರಡು ವರ್ಷವಾದಾಗ ತಂದೆ ತೀರಿಕೊಂಡರು. ತಾಯಿ ಹಳೆಯ ಮನೆಗಳನ್ನು ಕೊಂಡು, ದುರಸ್ತಿ ಮಾಡಿ, ಮಾರಿ ಮಕ್ಕಳನ್ನು ಸಾಕಿದರು. ಕಟ್ಟುನಿಟ್ಟಿನ ಹೆಂಗಸು. ಮನೆಯಲ್ಲಿ ಮಾತು ಕಡಿಮೆ, ಕೆಲಸ ಹೆಚ್ಚು.

1930ರ ದಶಕದ ಆರಂಭದಲ್ಲಿ ಆಗ್ನೆಸ್ ಅಮೆರಿಕಕ್ಕೆ ಬಂದರು. 1937ರಲ್ಲಿ ಶಿಕ್ಷಕರ ತರಬೇತಿ ಮುಗಿಸಿ ಹಳ್ಳಿ ಶಾಲೆಗಳಲ್ಲಿ ಪಾಠ ಹೇಳಿದರು. ಹೋಟೆಲಿನಲ್ಲಿ ಊಟ ಬಡಿಸಿದರು, ಪಾತ್ರೆ ತೊಳೆದರು. ಕೈಯಲ್ಲಿ ಸ್ವಲ್ಪ ಹಣ ಕೂಡಿದಾಗ ಓದಲು ಹೋಗುವುದು, ಮುಗಿದಾಗ ಮತ್ತೆ ಕೆಲಸ ಹುಡುಕುವುದು. ಕಲಾವಿದೆಯಾಗಬೇಕು ಎಂದು ನಿರ್ಧರಿಸುವ ಹೊತ್ತಿಗೆ ಅವರಿಗೆ ಮೂವತ್ತರ ಆಸುಪಾಸು.

ಅವರು ಓದಿದ್ದು ಎಲ್ಲಿ ಗೊತ್ತೇ? ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಟೀಚರ್ಸ್ ಕಾಲೇಜಿನಲ್ಲಿ. ಕೊಲಂಬಿಯಾ ಎಂದ ಕೂಡಲೇ ನಮಗೆ ಬಾಬಾಸಾಹೇಬರ ನೆನಪಾಗುತ್ತದೆ. 1913ರಲ್ಲಿ ಅವರು ಅಲ್ಲಿಗೆ ಹೋದಾಗ ಆಗ್ನೆಸ್ ಒಂದು ವರ್ಷದ ಮಗು. ಬಾಬಾಸಾಹೇಬರ ಗುರು ಜಾನ್ ಡೀವಿ ಅವರ ಶಿಕ್ಷಣ ಚಿಂತನೆಯೇ ಟೀಚರ್ಸ್ ಕಾಲೇಜಿನ ಉಸಿರಾಗಿತ್ತು. ಕೇಳಿ ಕಲಿಯುವುದಕ್ಕಿಂತ ಮಾಡಿ ಕಲಿಯುವುದು ಮೇಲು ಎಂಬ ಚಿಂತನೆ ಅದು. 1941ರಲ್ಲಿ ಅಲ್ಲಿ ಸೇರಿದ ಆಗ್ನೆಸ್, ಎರಡನೇ ಸಲ ಹೋಗಿ ಎಂ.ಎ. ಪದವಿ ಪಡೆದದ್ದು 1952ರಲ್ಲಿ. ಅದೇ 1952ರ ಜೂನ್‌ನಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯ ಬಾಬಾಸಾಹೇಬರನ್ನು ಕರೆಸಿ ಗೌರವ ಡಾಕ್ಟರೇಟ್ ನೀಡಿತು. ಅದಕ್ಕೆ ಕೆಲವೇ ದಿನ ಮೊದಲು, ಜೂನ್ 1ರಂದು, ಡೀವಿ ಕಣ್ಣು ಮುಚ್ಚಿದ್ದರು.

ಇದನ್ನು ಓದಿ ಬಾಬಾಸಾಹೇಬರೂ ಆಗ್ನೆಸ್ ಮಾರ್ಟಿನ್ನರೂ ಭೇಟಿಯಾದರು ಎಂದು ಕಥೆ ಕಟ್ಟಿ ಇನ್ನೊಂದು ಗುಂಪಿಗೆ ಫಾರ್ವರ್ಡ್ ಮಾಡಬೇಡಿ. ಒಂದೇ ವಿದ್ಯಾಲಯದ ಬಾಗಿಲು ಎಷ್ಟು ಬೇರೆ ಬೇರೆ ಬದುಕುಗಳಿಗೆ ದಾರಿಯಾಯಿತು ಎಂಬುದಷ್ಟೇ ಇಲ್ಲಿ ಮುಖ್ಯ. ತಂದೆಯಿಲ್ಲದ ರೈತರ ಮನೆಯ ಹುಡುಗಿಗೂ ಶಿಕ್ಷಣವೇ ದಾರಿಯಾಯಿತು.

*ಸುಟ್ಟು ಹಾಕಿದ ಚಿತ್ರಗಳು*

1950ರ ದಶಕದಲ್ಲಿ ಜಪಾನಿನ ವಿದ್ವಾಂಸ ಡಿ.ಟಿ. ಸುಜುಕಿ ಅದೇ ಕೊಲಂಬಿಯಾದಲ್ಲಿ ಝೆನ್ ಬೌದ್ಧ ಚಿಂತನೆ ಕುರಿತು ಉಪನ್ಯಾಸ ಕೊಡುತ್ತಿದ್ದರು. ನ್ಯೂಯಾರ್ಕಿನ ಕಲಾವಿದರು, ಸಂಗೀತಗಾರರು ಅದನ್ನು ಚರ್ಚಿಸುತ್ತಿದ್ದ ಕಾಲ. ಆಗ್ನೆಸ್ ಕೂಡ ಆ ಚಿಂತನೆಯತ್ತ ತಿರುಗಿದರು. ಚೀನಾದ ಲಾವೋತ್ಸೆಯ ವಿಚಾರಗಳೂ ಅವರಿಗೆ ಹಿಡಿಸಿದವು. ಹಾಗೆಂದು ಅವರು ಬೌದ್ಧ ದೀಕ್ಷೆ ಪಡೆದವರಲ್ಲ. ಬಾಲ್ಯದಲ್ಲಿ ಕಲಿತ ಬೈಬಲ್ ಕೂಡ ಕೊನೆಯವರೆಗೆ ಅವರ ಜೊತೆಗಿತ್ತು. ಬೌದ್ಧ ಚಿಂತನೆಯಿಂದ ಅವರು ತೆಗೆದುಕೊಂಡದ್ದು ಒಂದು ಅಭ್ಯಾಸ. ನಾನು, ನನ್ನದು ಎಂಬ ಗದ್ದಲವನ್ನು ಪಕ್ಕಕ್ಕಿಟ್ಟು ಮನಸ್ಸು ಖಾಲಿಯಾಗುವವರೆಗೆ ಕಾಯುವುದು.

ಓದು ಮುಗಿದ ಮೇಲೆ ನ್ಯೂ ಮೆಕ್ಸಿಕೋ ರಾಜ್ಯದ ತಾವೋಸ್ ಎಂಬ ಸಣ್ಣ ಊರಿನಲ್ಲಿ ಕಡು ಬಡತನದಲ್ಲಿ ಚಿತ್ರ ಬರೆದರು. ಮೊದಮೊದಲು ಭಾವಚಿತ್ರ, ಬೆಟ್ಟಗುಡ್ಡ, ಹೂಕುಂಡ. ಆಮೇಲೆ ತೇಲುವ ಮೋಡದಂಥ ಆಕಾರಗಳು. ಚಿತ್ರಗಳು ಚೆನ್ನಾಗಿಯೇ ಇದ್ದವು. ಆದರೆ ಅವರಿಗೆ ಅದು ಬೇರೆಯವರ ಭಾಷೆ ಎನಿಸಿತು. ಕೈಗೆ ಸಿಕ್ಕ ಹಳೆಯ ಚಿತ್ರಗಳನ್ನೆಲ್ಲ ಸುಟ್ಟರು, ಹರಿದರು. ಸುಮಾರು ಇಪ್ಪತ್ತು ವರ್ಷದ ದುಡಿಮೆಯಲ್ಲಿ ಇಂದು ಉಳಿದಿರುವುದು ಕೆಲವು ಮಾತ್ರ.

ಇಲ್ಲಿ ನನಗೆ ಭಗವಾನರ ತೆಪ್ಪದ ಉಪಮೆ ನೆನಪಾಗುತ್ತದೆ. ಹೊಳೆ ದಾಟಿದ ಮೇಲೆ ತೆಪ್ಪವನ್ನು ತಲೆಯ ಮೇಲೆ ಹೊತ್ತು ತಿರುಗುವವನು ಜಾಣನಲ್ಲ. ಒಳ್ಳೆಯದನ್ನೂ ಬಿಡಬೇಕಾದ ಹೊತ್ತು ಬರುತ್ತದೆ. ನಮ್ಮ ಮನೆಗಳಲ್ಲೇ ನೋಡಿ. ದೀಕ್ಷೆ ಪಡೆದ ಮೇಲೂ ಹಳೆಯ ಹರಕೆ, ಹಳೆಯ ಭಯ ಅಟ್ಟದ ಮೇಲೆ ಹಾಗೇ ಇರುತ್ತವೆ. ಬಿಸಾಡಲು ಮನಸ್ಸು ಬರುವುದಿಲ್ಲ, ಏಕೆಂದರೆ ಅದು ನಮ್ಮ ಹಿರಿಯರ ಕಾಲದ್ದು.

*ಗೆರೆ ಸಿಕ್ಕಿದ್ದು*

ನಾಗಪುರದ ದೀಕ್ಷೆಯ ಮರುವರ್ಷ, 1957ರಲ್ಲಿ, ಬೆಟ್ಟಿ ಪಾರ್ಸನ್ಸ್ ಎಂಬ ಗ್ಯಾಲರಿ ಒಡತಿ ಆಗ್ನೆಸ್ ಅವರ ಚಿತ್ರಗಳನ್ನು ಕೊಂಡರು. ಷರತ್ತು ಒಂದೇ, ನ್ಯೂಯಾರ್ಕಿಗೆ ಬಂದು ನೆಲೆಸಬೇಕು. ಆಗ್ನೆಸ್‌ಗೆ ಆಗ 45 ವರ್ಷ. ಹೋದರು. ಮ್ಯಾನ್‌ಹಟನ್ನಿನ ದಕ್ಷಿಣ ತುದಿಯಲ್ಲಿ, ನದಿಯ ದಡದಲ್ಲಿ ಕೊಯೆಂಟೀಸ್ ಸ್ಲಿಪ್ ಎಂಬ ಹಳೆಯ ಬೀದಿ. ಹಿಂದೆ ಹಡಗಿನ ಹಾಯಿ ಹೊಲಿಯುತ್ತಿದ್ದ ಅಟ್ಟಗಳಲ್ಲಿ ಬಡ ಕಲಾವಿದರು ಕಡಿಮೆ ಬಾಡಿಗೆಗೆ ಇದ್ದರು. ಚಳಿಗಾಲದಲ್ಲಿ ಮನೆ ಬೆಚ್ಚಗಾಗುವ ವ್ಯವಸ್ಥೆಯೂ ಸರಿಯಾಗಿರಲಿಲ್ಲ. ಎಲ್ಸ್‌ವರ್ತ್ ಕೆಲ್ಲಿ, ರಾಬರ್ಟ್ ಇಂಡಿಯಾನ ಅಕ್ಕಪಕ್ಕದವರು. ಲೆನೋರ್ ಟಾನಿ ಎಂಬ ನೇಯ್ಗೆ ಕಲಾವಿದೆ ಗೆಳತಿಯಾದರು.

1958ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನಲ್ಲಿ ಮೊದಲ ಒಂಟಿ ಪ್ರದರ್ಶನ. ವಯಸ್ಸು 46. ನಮ್ಮಲ್ಲಿ 46 ಎಂದರೆ ಇನ್ನೇನು ಕಲಿಯುವುದು, ಮಕ್ಕಳು ನೋಡಿಕೊಳ್ಳಲಿ ಎನ್ನುವ ವಯಸ್ಸು.

1960ರ ಆಸುಪಾಸಿನಲ್ಲಿ ಆ ಗೆರೆಗಳು ಬಂದವು. ಅಡ್ಡ ಗೆರೆ, ಉದ್ದ ಗೆರೆ, ಮಗ್ಗದ ಹಾಸು ಹೊಕ್ಕಿನ ಹಾಗೆ. ಅವರ ವಿವರಣೆಯ ಪ್ರಕಾರ, ಮರಗಳ ಮುಗ್ಧತೆಯ ಬಗ್ಗೆ ಯೋಚಿಸುತ್ತಿದ್ದಾಗ ಈ ಗೆರೆಗಳ ಬಲೆ ಮನಸ್ಸಿಗೆ ಬಂತು. 1964ರ ಒಂದು ಚಿತ್ರಕ್ಕೆ ಅವರು ಇಟ್ಟ ಹೆಸರು ಮರ. ಅದರಲ್ಲಿ ಎಲೆಯಿಲ್ಲ, ಕೊಂಬೆಯಿಲ್ಲ. ಮರದ ಕೆಳಗೆ ಕೂತಾಗ ಬರುವ ಸಮಾಧಾನವಿದೆ. ಇಂದು ಅದು ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿದೆ.

ಅವರು ಕೆಲಸ ಮಾಡುತ್ತಿದ್ದ ಬಗೆ ಕೇಳಿ. ಏನೂ ಮಾಡದೆ ಕೂತು ಕಾಯುತ್ತಿದ್ದರು. ಮನಸ್ಸಿನಲ್ಲಿ ಅಂಚೆ ಚೀಟಿಯಷ್ಟು ಸಣ್ಣ ಚಿತ್ರ ಮೂಡಬೇಕು. ಮೂಡಿದ ಮೇಲೆ ಕಾಗದ ತೆಗೆದು ಲೆಕ್ಕ ಹಾಕುತ್ತಿದ್ದರು. ಅಷ್ಟು ಸಣ್ಣದನ್ನು ಆರು ಅಡಿಗೆ ಹಿಗ್ಗಿಸಿದರೆ ಗೆರೆಗೂ ಗೆರೆಗೂ ಎಷ್ಟು ಅಂತರ? ಪುಟಗಟ್ಟಲೆ ಗುಣಾಕಾರ, ಭಾಗಾಕಾರ. ಆಮೇಲೆ ಅಳತೆ ಹಿಡಿದು, ಸ್ಕೇಲು ಇಟ್ಟು, ಒಂದೊಂದೇ ಗೆರೆ. ಬಣ್ಣದ ಒಂದು ಹನಿ ತಪ್ಪಿ ಬಿದ್ದರೂ ಆ ಕ್ಯಾನ್ವಾಸನ್ನು ಚಾಕುವಿನಿಂದ ಕೊಯ್ದು ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದರು.

ಹೀಗಿದ್ದೂ ಅವರ ಗೆರೆ ಯಂತ್ರದ ಗೆರೆಯಲ್ಲ. ಪೆನ್ಸಿಲ್ ಬಟ್ಟೆಯ ನೇಯ್ಗೆಯ ಮೇಲೆ ಹೋಗುವಾಗ ಎಡವುತ್ತದೆ. ಒಂದು ಕಡೆ ಕಪ್ಪಗೆ, ಇನ್ನೊಂದು ಕಡೆ ಮಂಕು. ಹತ್ತಿರ ನಿಂತು ನೋಡಿದವರಿಗೆ ಒಬ್ಬ ಮನುಷ್ಯಳ ಕೈ, ಅದರ ಉಸಿರು ಕಾಣುತ್ತದೆ. ವಿಮರ್ಶಕರು ಅವರನ್ನು ಮಿನಿಮಲಿಸ್ಟ್ ಎಂದು ಕರೆದರು. 1966ರಲ್ಲಿ ಗುಗ್ಗೆನ್‌ಹೈಮ್ ಸಂಗ್ರಹಾಲಯದ ಪ್ರದರ್ಶನದಲ್ಲಿ ಆ ಪಂಗಡದ ಜೊತೆಗೇ ತೂಗುಹಾಕಿದರು. ಅವರು ಮಾತ್ರ ಒಪ್ಪಲಿಲ್ಲ. ತನ್ನ ಚಿತ್ರ ಭಾವನೆಯ ಚಿತ್ರ ಎಂಬುದು ಅವರ ನಿಲುವು.

ಸೋಣ ಥೇರರ ಕಥೆ ನಿಮಗೆಲ್ಲ ಗೊತ್ತಿದೆ. ಪಾದದಿಂದ ರಕ್ತ ಬರುವವರೆಗೆ ಚಂಕ್ರಮಣ ಮಾಡಿ ಸೋತು ಕೂತಿದ್ದರು. ಭಗವಾನರು ಬಂದು ಅವರ ಹಿಂದಿನ ವೀಣೆಯ ಅಭ್ಯಾಸವನ್ನು ನೆನಪಿಸಿದರು. ತಂತಿ ಬಿಗಿಯಾದರೂ ನಾದ ಬಾರದು, ಸಡಿಲಾದರೂ ಬಾರದು. ಸಮ್ಮಾ ವಾಯಾಮ ಎಂದರೆ ಇದು. ಆಗ್ನೆಸ್ ಅವರ ಪೆನ್ಸಿಲ್ ಗೆರೆಯನ್ನು ನಾನು ಆ ತಂತಿಯ ಹಾಗೆ ನೋಡುತ್ತೇನೆ. ಅಳತೆಯಲ್ಲಿ ಕಟ್ಟುನಿಟ್ಟು, ಕೈಯಲ್ಲಿ ಹಗುರ.

*ಕಾಯಿಲೆಯ ಮಾತು*

ಈ ಶಾಂತ ಚಿತ್ರಗಳನ್ನು ಬರೆದ ಮನಸ್ಸು ಸದಾ ಶಾಂತವಾಗಿರಲಿಲ್ಲ. ಆಗ್ನೆಸ್‌ಗೆ ಸ್ಕಿಜೋಫ್ರೇನಿಯಾ ಇತ್ತು. ಇಲ್ಲದ ಧ್ವನಿಗಳು ಕೇಳಿಸುತ್ತಿದ್ದವು. ನ್ಯೂಯಾರ್ಕಿನಲ್ಲಿ ಹಲವು ಸಲ ಆಸ್ಪತ್ರೆ ಸೇರಬೇಕಾಯಿತು. ಕರೆಂಟ್ ಕೊಡುವ ಚಿಕಿತ್ಸೆಯೂ ಆಯಿತು. ಮುಂದೆಯೂ ಔಷಧಿ, ವೈದ್ಯರ ಜೊತೆ ಮಾತುಕತೆ ಅವರ ಬದುಕಿನ ಭಾಗವಾಗಿದ್ದವು.

ಇದನ್ನು ಬೇಕೆಂದೇ ಬರೆಯುತ್ತಿದ್ದೇನೆ. ಹುಚ್ಚಿನಿಂದಲೇ ಕಲೆ ಹುಟ್ಟುತ್ತದೆ ಎಂದು ಕೆಲವರು ರೋಮಾಂಚನದಿಂದ ಹೇಳುತ್ತಾರೆ. ಅದು ಸುಳ್ಳು. ಕಾಯಿಲೆ ಜೋರಾದಾಗ ಅವರ ಕೆಲಸ ನಿಲ್ಲುತ್ತಿತ್ತು. ಚಿತ್ರ ಬಂದದ್ದು ತಿಳಿಯಾದ ದಿನಗಳಲ್ಲಿ, ಶಿಸ್ತಿನಿಂದ. ನಮ್ಮ ಕೇರಿಗಳಲ್ಲಿ ಇನ್ನೊಂದು ಬಗೆಯ ಸುಳ್ಳು ಇದೆ. ಗಾಳಿ ಮೆಟ್ಟಿದೆ, ಯಾರೋ ಮಾಟ ಮಾಡಿಸಿದ್ದಾರೆ ಎಂದು ಮಂತ್ರವಾದಿಯ ಬಳಿ ಕರೆದೊಯ್ಯುವುದು. 22 ಪ್ರತಿಜ್ಞೆ ಸ್ವೀಕರಿಸಿದ ಮನೆಯಲ್ಲಿ ಇದು ನಡೆಯಬಾರದು. ಮನಸ್ಸಿಗೂ ಕಾಯಿಲೆ ಬರುತ್ತದೆ, ಅದಕ್ಕೂ ವೈದ್ಯರಿದ್ದಾರೆ. ಧ್ಯಾನ ಒಳ್ಳೆಯದು, ಆದರೆ ವೈದ್ಯರು ಕೊಟ್ಟ ಮಾತ್ರೆಯ ಜಾಗದಲ್ಲಿ ಧ್ಯಾನವನ್ನು ಇಡಬೇಡಿ. ಕಾರಣ ಕಾರ್ಯಗಳನ್ನು ನೋಡಿ ನಡೆಯುವುದೇ ಧಮ್ಮ.

*ಎಲ್ಲ ಬಿಟ್ಟು ಹೊರಟದ್ದು*

1967ರಲ್ಲಿ ಹೆಸರು ಏರುತ್ತಿದ್ದ ಹೊತ್ತಿನಲ್ಲೇ ಆಗ್ನೆಸ್ ನ್ಯೂಯಾರ್ಕ್ ಬಿಟ್ಟರು. ಅವರಿದ್ದ ಕಟ್ಟಡ ಕೆಡವುವುದರಲ್ಲಿದ್ದರು. ಗೆಳೆಯ, ಕಲಾವಿದ ಆಡ್ ರೈನ್‌ಹಾರ್ಟ್ ಅದೇ ವರ್ಷ ತೀರಿಕೊಂಡರು. ಕುಂಚ, ಕ್ಯಾನ್ವಾಸ್ ಎಲ್ಲ ಕೊಟ್ಟುಬಿಟ್ಟು ಒಂದು ಪಿಕಪ್ ಗಾಡಿಯಲ್ಲಿ ಅಮೆರಿಕ, ಕೆನಡಾ ಸುತ್ತಿದರು. 1968ರಲ್ಲಿ ನ್ಯೂ ಮೆಕ್ಸಿಕೋದ ಕ್ಯೂಬಾ ಎಂಬ ಹಳ್ಳಿಯ ಬಳಿ, ಎತ್ತರದ ಒಂದು ಬಯಲಿನಲ್ಲಿ ನಿಂತರು. ಹಸಿ ಇಟ್ಟಿಗೆ ಮಾಡಿ ತಮ್ಮ ಕೈಯಾರೆ ಮನೆ ಕಟ್ಟಿಕೊಂಡರು. ಕರೆಂಟಿಲ್ಲ, ಫೋನಿಲ್ಲ. ಹಲವು ವರ್ಷ ಒಂದು ಚಿತ್ರವನ್ನೂ ಬರೆಯಲಿಲ್ಲ.

ಇಲ್ಲಿ ನಮ್ಮ ಪ್ರಶ್ನೆ ಎದುರಾಗುತ್ತದೆ. ಬುದ್ಧ ಮತ್ತು ಅವನ ಧಮ್ಮ ಗ್ರಂಥದ ಪೀಠಿಕೆಯಲ್ಲಿ ಬಾಬಾಸಾಹೇಬರು ನಾಲ್ಕು ಸಮಸ್ಯೆಗಳನ್ನು ಎತ್ತುತ್ತಾರೆ. ನಾಲ್ಕನೆಯದು ಭಿಕ್ಖುವಿನ ಬಗ್ಗೆ. ಭಿಕ್ಖು ತನ್ನನ್ನು ತಾನು ಪರಿಪೂರ್ಣ ಮಾಡಿಕೊಳ್ಳುವವನೋ, ಜನರ ಸೇವೆಗೆ ನಿಲ್ಲುವವನೋ? ತನ್ನ ಪಾಡಿಗೆ ತಾನಿರುವ ಪರಿಪೂರ್ಣ ಮನುಷ್ಯನಿಂದ ಧಮ್ಮಕ್ಕೆ ಪ್ರಯೋಜನವಿಲ್ಲ ಎಂಬುದು ಬಾಬಾಸಾಹೇಬರ ಅಭಿಪ್ರಾಯ. ಆ ಅಳತೆಗೋಲು ಹಿಡಿದರೆ ಆಗ್ನೆಸ್ ನಮಗೆ ಮಾದರಿಯಲ್ಲ. ಅವರು ಚಳವಳಿ ಕಟ್ಟಲಿಲ್ಲ. ದಶಕಗಳ ಕಾಲ ವೃತ್ತಪತ್ರಿಕೆಯನ್ನೇ ಓದಲಿಲ್ಲ ಎನ್ನುತ್ತಾರೆ. ನಮಗೆ ಪತ್ರಿಕೆ ಓದದೆ ಇರುವ ಸೌಕರ್ಯ ಇಲ್ಲ. ಬಾಬಾಸಾಹೇಬರು ಮೂಕನಾಯಕ ಶುರು ಮಾಡಿದ್ದು ಸುಮ್ಮನೆ ಅಲ್ಲ.

ಇನ್ನೊಂದು ಮಾತೂ ಇದೆ. ಗೊತ್ತಿಲ್ಲದ ಊರಿಗೆ ಒಬ್ಬಂಟಿಯಾಗಿ ಹೋಗಿ, ಜಾಗ ಹಿಡಿದು ಮನೆ ಕಟ್ಟಿಕೊಳ್ಳಲು ಅವರಿಗೆ ಸಾಧ್ಯವಾಯಿತು. ಯಾವ ಜಾತಿ ಎಂದು ಯಾರೂ ಕೇಳಲಿಲ್ಲ. ನಮ್ಮಲ್ಲಿ ಬಾಡಿಗೆ ಮನೆ ಹುಡುಕಲು ಹೋದವರನ್ನು ಕೇಳಿ. ಏಕಾಂತವನ್ನು ಆರಿಸಿಕೊಳ್ಳಲು ಮೊದಲು ಒಂದು ಸೂರು ಬೇಕು, ಬೀಗ ಹಾಕಿಕೊಳ್ಳಬಹುದಾದ ಒಂದು ಬಾಗಿಲು ಬೇಕು.

ಇಷ್ಟೆಲ್ಲ ಹೇಳಿದ ಮೇಲೂ ನಾನು ಅವರನ್ನು ಬಿಟ್ಟುಕೊಡುವುದಿಲ್ಲ. ಏಕೆಂದರೆ ಅವರು ಕೊನೆಗೆ ಮರಳಿ ಬಂದರು.

*ಮರಳಿ ಬಂದ ಕೈ*

1973ರಲ್ಲಿ ಮೂವತ್ತು ಮುದ್ರಣ ಚಿತ್ರಗಳ ಒಂದು ಸರಣಿ. 1974ರಲ್ಲಿ ಮತ್ತೆ ಕುಂಚ ಹಿಡಿದರು. ವಯಸ್ಸು 62. ಈಗ ಬೂದು ಬಣ್ಣದ ಬಲೆ ಹೋಗಿ, ತಿಳಿ ನೀಲಿ, ತಿಳಿ ಗುಲಾಬಿ, ತಿಳಿ ಹಳದಿಯ ಅಗಲ ಪಟ್ಟಿಗಳು ಬಂದವು. ಅಲ್ಲಿಂದ ಮುಂದೆ ಸುಮಾರು ಮೂವತ್ತು ವರ್ಷ ಕೈ ನಿಲ್ಲಿಸಲಿಲ್ಲ. ಮುಪ್ಪು ಬಂದು ಆರು ಅಡಿಯ ಕ್ಯಾನ್ವಾಸ್ ಎತ್ತಲಾರದೆ ಹೋದಾಗ ಐದು ಅಡಿಗೆ ಇಳಿಸಿದರು. ಅನಿಚ್ಚವನ್ನು ಒಪ್ಪಿಕೊಳ್ಳುವುದು ಎಂದರೆ ಇಷ್ಟು ಸರಳ. ದೇಹಕ್ಕೆ ಆಗದಿದ್ದರೆ ಅಳತೆ ಬದಲಿಸು, ಕೆಲಸ ಬಿಡಬೇಡ.

ಗೌರವಗಳು ತಾವಾಗಿ ಬಂದವು. 1997ರಲ್ಲಿ ವೆನಿಸ್ ಬಿನಾಲೆಯ ಗೋಲ್ಡನ್ ಲಯನ್, 1998ರಲ್ಲಿ ಅಮೆರಿಕದ ರಾಷ್ಟ್ರೀಯ ಕಲಾ ಪದಕ. ತಾವೋಸ್ ಊರಿನ ಹಾರ್ವುಡ್ ಸಂಗ್ರಹಾಲಯಕ್ಕೆ ಏಳು ಚಿತ್ರಗಳನ್ನು ಉಡುಗೊರೆ ಕೊಟ್ಟರು. ಅವಕ್ಕಾಗಿಯೇ ಎಂಟು ಮೂಲೆಯ ಒಂದು ಕೋಣೆ ಕಟ್ಟಿದರು. ಮೇಲಿಂದ ಬೆಳಕು, ನಡುವೆ ನಾಲ್ಕು ಹಳದಿ ಬೆಂಚು. ಚಿತ್ರಗಳ ಹೆಸರು ಪ್ರೀತಿ, ಗೆಳೆತನ, ಮುಗ್ಧತೆ, ಆಟ, ಸಾಧಾರಣ ಸಂತೋಷ, ಹೀಗೆ. ಜನ ಬಂದು ಸುಮ್ಮನೆ ಕೂತು ಹೋಗುತ್ತಾರೆ. ಹೊರಗಿನ ಗದ್ದಲದಿಂದ ಬಂದವರಿಗೆ ಕೂರಲು ಒಂದು ಜಾಗ. ಒಂಟಿಯಾಗಿದ್ದವರು ಕೊನೆಗೆ ಊರಿಗೆ ಬಿಟ್ಟುಹೋದದ್ದು ಅದನ್ನೇ.

2004ರ ಡಿಸೆಂಬರ್ 16ರಂದು, 92ನೇ ವಯಸ್ಸಿನಲ್ಲಿ, ತಾವೋಸಿನಲ್ಲೇ ತೀರಿಕೊಂಡರು. ಅವರ ಕೊನೆಯ ಚಿತ್ರ ಅಂಗೈಯಷ್ಟು ಸಣ್ಣದು. ಶಾಯಿಯಲ್ಲಿ ಬರೆದ, ಕುಂಡದಲ್ಲಿರುವ ಒಂದು ಪುಟ್ಟ ಗಿಡ. ನಲವತ್ತು ವರ್ಷ ಬರೀ ಗೆರೆ ಎಳೆದ ಕೈ ಕೊನೆಗೆ ಒಂದು ಗಿಡ ಬರೆಯಿತು. 2015ರಲ್ಲಿ ಲಂಡನ್ನಿನ ಟೇಟ್ ಮಾಡರ್ನ್‌ನಲ್ಲಿ ಅವರ ಜೀವಮಾನದ ಚಿತ್ರಗಳ ದೊಡ್ಡ ಪ್ರದರ್ಶನ ಶುರುವಾಗಿ ನ್ಯೂಯಾರ್ಕಿನವರೆಗೆ ಹೋಯಿತು. ನಮ್ಮ ದೇಶದಲ್ಲಿ ಬರೋಡದಲ್ಲಿ ಪಾಠ ಹೇಳುತ್ತಿದ್ದ ನಸ್ರೀನ್ ಮೊಹಮದಿ ಅವರ ಗೆರೆ ಚಿತ್ರಗಳನ್ನು ವಿಮರ್ಶಕರು ಇಂದು ಆಗ್ನೆಸ್ ಜೊತೆಗಿಟ್ಟು ನೋಡುತ್ತಾರೆ.

*ನಾವು ತೆಗೆದುಕೊಳ್ಳುವುದೇನು?*

ಹೇರಿದ ಮೌನವೂ ಆರಿಸಿಕೊಂಡ ಮೌನವೂ ಹೊರಗಿನಿಂದ ಒಂದೇ ಥರ ಕಾಣುತ್ತವೆ. ಒಳಗೆ ಬೇರೆ. ಹೇರಿದ ಮೌನದಲ್ಲಿ ಭಯವಿದೆ, ಇನ್ನೊಬ್ಬರ ಅಪ್ಪಣೆಯಿದೆ. ಆರಿಸಿಕೊಂಡ ಮೌನದಲ್ಲಿ ನಮ್ಮ ಮನಸ್ಸಿಗೆ ನಾವೇ ಯಜಮಾನರು. ಮಾತಾಡುವ ಹಕ್ಕು ಗೆದ್ದವರಿಗೆ ಸುಮ್ಮನಿರುವ ಹಕ್ಕೂ ಇದೆ. ಅದನ್ನೂ ನಾವು ಪಡೆಯಬೇಕು. ಹಿಂದೆ ನಮ್ಮವರಿಗೆ ಬಿಡುವೂ ಇರಲಿಲ್ಲ, ಕೂರಲು ಜಾಗವೂ ಇರಲಿಲ್ಲ. ಹಾಗಾಗಿ ಹತ್ತು ನಿಮಿಷ ಉಸಿರು ನೋಡುತ್ತಾ ಕೂರುವ ಕೂಲಿ ಹೆಂಗಸು ಹೋರಾಟದಿಂದ ಓಡಿಹೋದವಳಲ್ಲ. ಅವಳ ಅಜ್ಜಿಗೆ ಸಿಗದಿದ್ದನ್ನು ಅವಳು ಪಡೆದಿದ್ದಾಳೆ. ಆ ಹತ್ತು ನಿಮಿಷದ ನಂತರ ಎದ್ದು ಸಭೆಗೆ ಬಂದರೆ ಅವಳ ಮಾತು ತೂಕದ್ದಾಗಿರುತ್ತದೆ. ಬಾಬಾಸಾಹೇಬರೂ ಗಂಟೆಗಟ್ಟಲೆ ಗ್ರಂಥಾಲಯದಲ್ಲಿ ಒಬ್ಬರೇ ಕೂತವರು. ಅಲ್ಲಿಂದ ಎದ್ದು ಬಂದಾಗ ಅವರ ಕೈಯಲ್ಲಿ ನಮಗೆಲ್ಲರಿಗೂ ಬೇಕಾದದ್ದಿತ್ತು.

*ಇಂದಿನ ಅಭ್ಯಾಸ:* ಒಂದು ಬಿಳಿ ಹಾಳೆ, ಪೆನ್ಸಿಲ್, ಸ್ಕೇಲು ತೆಗೆದುಕೊಳ್ಳಿ. ಫೋನ್ ಪಕ್ಕಕ್ಕಿಡಿ. ಅರ್ಧ ಇಂಚಿಗೊಂದರಂತೆ ಇಪ್ಪತ್ತು ಗೆರೆ ಎಳೆಯಿರಿ. ಅವಸರ ಬೇಡ. ಮನಸ್ಸು ಎಲ್ಲಿ ಓಡಿತೋ ಅಲ್ಲಿ ಗೆರೆ ನಡುಗಿರುತ್ತದೆ, ನೋಡಿಕೊಳ್ಳಿ. ಮಕ್ಕಳನ್ನೂ ಕೂರಿಸಿಕೊಳ್ಳಿ.

*ಭಾನುವಾರದ ಚರ್ಚೆಗೆ:* ನನ್ನ ಬದುಕಿನಲ್ಲಿ ಯಾವ ಮೌನ ಭಯದ್ದು? ಯಾವುದು ನಾನೇ ಆರಿಸಿಕೊಂಡದ್ದು? ಮೊದಲನೆಯದನ್ನು ಮುರಿಯಲು, ಎರಡನೆಯದನ್ನು ಬೆಳೆಸಲು ಈ ವಾರ ಏನು ಮಾಡಬಲ್ಲೆ?

ಸಬ್ಬೇ ಸತ್ತಾ ಸುಖೀ ಹೊಂತು.
ಜೈ ಭೀಮ್. ನಮೋ ಬುದ್ಧಾಯ. 🙏